ದಾರಕ್ಕೊಂದು ಗುಡಿಸು

ಕೊನೆಯ ಗಿರಾಕಿ ಹೋದ ಮೇಲೆ
ಇಸ್ತ್ರಿ ಮೇಜಿನ ಮೇಲೆ ನಕ್ಷೆ ಹಾಸುತ್ತೇನೆ.
ಮಡಿಕೆ ಮಡಿಕೆಗೂ ಹರಿದದ್ದು;
ಹಿಂದಿನಿಂದ ಬಕ್ರಮ್ ಕೊಟ್ಟು ಅಂಟಿಸಿದ್ದೇನೆ
ಕಾಲರಿಗೆ ಕೊಡುವ ಹಾಗೆ.
ಬಸವನಹಳ್ಳಿ ಕೆರೆ ಕಡೆಯ ಗಾಳಿಗೆ ಏಳದಂತೆ
ಮೂಲೆಗೊಂದು ಕತ್ತರಿ, ಮೂಲೆಗೊಂದು ಗುಂಡಿ ಡಬ್ಬಿ,
ಮತ್ತೊಂದಕ್ಕೆ ಜಬ್ಬಾರನ ಚಹಾ ಲೋಟ,
ನಾಲ್ಕನೆಯದಕ್ಕೆ ಜಬ್ಬಾರನ ಮೊಣಕೈ.

ಬಾಬಾಬುಡನ್ ಸಾಲು ನಕ್ಷೆಯಲ್ಲಿ
ಹಿಂಡಿಟ್ಟ ಬಟ್ಟೆಯ ಹಾಗೆ:
ಕಂದು ಗೆರೆ, ಗೆರೆಗೆ ಒತ್ತಿಕೊಂಡ ಗೆರೆ,
ನಡುವೆ ಮೂರು ಕಡೆ ನೀಲಿ.
ಒಂದು ಗಾಳಿಕೆರೆ.
ಇನ್ನೊಂದನ್ನು ನಾವು ಫೆಲ್ಸಿ ಬಿದ್ದ ಕೆರೆ ಅನ್ನುತ್ತೇವೆ.
ಮೂರನೆಯದಕ್ಕೆ ಹೆಸರಿಲ್ಲ. ಉಗುರಿನ ತುದಿಯಷ್ಟಿದೆ.
ನಾಲ್ಕು ವರ್ಷದಿಂದ
ನಕ್ಷೆಯಲ್ಲೇ ತುಂಬಿಕೊಂಡಿದೆ.

ಖಾಕಿ ದಾರ ಎಳೆದು
ಕಾಲುದಾರಿಯ ಗುಂಟ ಇಡುತ್ತೇನೆ, ಬೆರಳಲ್ಲಿ ಒತ್ತಿ ಒತ್ತಿ,
ತಿರುವಿಗೆ ತಿರುವಿ, ಹಳ್ಳ ಬಂದಲ್ಲಿ ಬಳಸಿ.
ಆಮೇಲೆ ನೆಟ್ಟಗೆ ಟೇಪಿಗೆ ಹಿಡಿದರೆ
ಸುತ್ತಿ ಬರಲು ಒಂಬತ್ತು ಅಂಗುಲ ಚಿಲ್ಲರೆ.
ಅಂಗುಲಕ್ಕೊಂದು ಮೈಲಿ.
ಕಾಗುಣಿತದ ದಿನಗಳಲ್ಲಿ ಅಪ್ಪ, ಮಿಷನ್ ತುಳಿಯುತ್ತಲೇ,
ಹೇಳಿಕೊಟ್ಟದ್ದು ಇಷ್ಟೇ:
ದಾರಕ್ಕೊಂದು ಗುಡಿಸು ಕೊಡು, ದಾರಿ.

ದಾರಕ್ಕೆ ಏರು ಗೊತ್ತಿಲ್ಲ, ಅದೇ ತೊಂದರೆ.

"ಏನ್ ಪಾಂಡೋಜಿ, ಬೆಟ್ಟಕ್ಕೂ ಟ್ರಯಲ್ ನೋಡ್ತೀಯಾ?
ಸಾಧಾರಣ ದಾರಿ ಕಣೋ."
ಯಾರ ಸಾಧಾರಣ?
ಅವನ ಸಾಧಾರಣಕ್ಕೆ ಎರಡೂ ಮಂಡಿ ನೆಟ್ಟಗಿವೆ.
ಫೆಲ್ಸಿಬಾಯಿಯದು ಬೇಕರಿ ಕೌಂಟರಿನ ಹಿಂದೆ ನಿಂತು ನಿಂತು
ನರ ಉಬ್ಬಿದ ಕಾಲು.
ಅವನ ಸೊಸೆ ಸಫಿಯಾ ಭಟ್ಕಳದವಳು,
ಸಮುದ್ರ ಕಂಡವಳು, ಏರು ಕಂಡವಳಲ್ಲ.
ನನಗೆ ಐವತ್ತೊಂಬತ್ತು, ಸೊಂಟ ಮೂವತ್ತೆಂಟು,
ಉಸಿರಿನ ಅಳತೆ ಯಾರೂ ತೆಗೆದಿಲ್ಲ.
ರೆಡಿಮೇಡ್ ಅಂಗಿಯ ಕತ್ತಿನಲ್ಲಿ 'ಮೀಡಿಯಂ' ಅಂತಿರುತ್ತದಲ್ಲ,
ಅದು ಯಾರ ಮೈಗೂ ಸರಿ ಕೂತದ್ದು ನಾನು ಕಂಡಿಲ್ಲ.
ಅವನ್ನೇ ಬಿಚ್ಚಿ, ಹಿಡಿದು, ಹೊಲಿದು
ಮಗಳ ಫೀಸು ಕಟ್ಟಿದವನು.

ಬರೆದುಕೋ ಅನ್ನುತ್ತೇನೆ.
ಅತ್ತಿಗುಂಡಿ ಕಡೆಗೆ ಮೊದಲ ಬಸ್ಸು.
ಇಲಾಖೆಯ ಚೀಟಿ ಸೋಮಯ್ಯನ ಹತ್ತಿರ; ಚೀಟಿ ಸಾಲದು, ಅವನೂ ಬರಬೇಕು.
ಅಕ್ಕಿರೊಟ್ಟಿ, ಹುಚ್ಚೆಳ್ಳು ಪುಡಿ.
ಬನ್ನು ಬೇಡವೆಂದರೂ ಬರುತ್ತದೆ.
ನೀರು ತಲೆಗೆರಡು ಬಾಟ್ಲಿ, ಕೆರೆಯಿದೆಯಲ್ಲ ಎಂದವರು
ಕಾಟಿಯ ಪಕ್ಕ ಬಗ್ಗಿ ಕುಡಿಯಲಿ.
ಇಂಬಳದ ತಿಂಗಳಲ್ಲ. ಆದರೂ ಉಪ್ಪಿನ ಗಂಟು ಇರಲಿ.

ಮತ್ತೆ ಕೆಳಗೆ, ನೀಲಿ ಚಾಕಿನಲ್ಲಿ, ಎರಡು ಗೆರೆ ಎಳೆದು:
ಒಂದೂವರೆಗೆ ಎಲ್ಲಿದ್ದರೂ ಅಲ್ಲಿಂದ ವಾಪಸ್ಸು.

ಜಬ್ಬಾರ್ ಮಾತಾಡುವುದಿಲ್ಲ.
ಹೋದ ಸಲ ಎರಡೂಕಾಲಿಗೆ
"ಇನ್ನೊಂದೇ ದಿಣ್ಣೆ" ಎಂದದ್ದು ಅವನು,
ಹೂಂ ಅಂದದ್ದು ನಾನು.
ದಿಣ್ಣೆಯ ಮೇಲೆ ಮಂಜು ಕೂತಿತ್ತು, ನಮಗಾಗಿಯೇ ಕಾದಂತೆ.
ನನ್ನ ಕೈ ನನಗೆ ಕಾಣಲಿಲ್ಲ.
ಹುಲ್ಲಿನಲ್ಲಿ ಕೂತು, ಸಿಕ್ಕ ತೋಳಿನ ಬಟ್ಟೆ ಮುಟ್ಟಿ ಎಣಿಸಿದೆ:
ಉಣ್ಣೆ, ಫೆಲ್ಸಿ.
ಟೆರಿಕಾಟು, ಜಬ್ಬಾರ್.
ಮೂರನೇ ಬಟ್ಟೆ ನಡುಗುತ್ತಿತ್ತು.
ಹೊಲಿಗೆ ಸವರಿ ನೋಡಿದೆ,
ನನ್ನದೇ.

ಈಗ ಸಫಿಯಾ ಫೋನಿನಲ್ಲಿ ಕೇಳುತ್ತಾಳೆ:
"ಮೂರನೇ ಕೆರೆ ಹೇಗಿದೆ ಮಾಮಾ?"
ನಾನೂ ಜಬ್ಬಾರನೂ ಒಟ್ಟಿಗೆ, "ಚೆನ್ನಾಗಿದೆ."

ಶಟರ್ ಎಳೆಯುವ ಮುಂಚೆ
ಆ ದಾರ ಎಸೆಯಲು ಮನಸ್ಸಾಗದೆ
ಸೂಜಿಗೆ ಪೋಣಿಸಿ ಕ್ಯಾಲೆಂಡರಿನ ಭಾನುವಾರಕ್ಕೆ ಚುಚ್ಚಿಡುತ್ತೇನೆ.
ಸೋಮವಾರ ಯಾವುದೋ ಹುಡುಗನ
ಶಾಲೆ ಚಡ್ಡಿಯ ಅಂಚಿಗೆ ಅದು ಹೋಗುತ್ತದೆ,
ಏರು, ಹಳ್ಳ, ಮೂರೂ ಕೆರೆ ಸಮೇತ.
ಒಂದು ಕಾಲಿಗೂ ಪೂರ್ತಿ ಸಾಲದು.
ಬೆಳೆದಾಗ ಬಿಚ್ಚಿಕೊಳ್ಳಲಿ ಎಂದು
ಒಳಗೆ ಎರಡಂಗುಲ ಬಟ್ಟೆ
ಮಡಿಸಿ ಬಿಟ್ಟಿರುತ್ತೇನೆ.